ಎರಡು ಧಾನ್ಯಗಳ ವ್ಯಾಜ್ಯ

ಬ್ಯಾಡಗಿಯ ಹೆಸರೆತ್ತಿದೊಡನೆ ಅಲ್ಲಿಯ ಕೆಂಪು ಮೆಣಸಿನಕಾಯಿ ನೆನಪಾಗುವುದು ಸಹಜ. ಅದೇ ತಾಲ್ಲೂಕಿನ ಕಾಗಿನೆಲೆಯು ಕನ್ನಡ ಸಾಹಿತ್ಯಕ್ಕೂ ಒಂದು ಬಗೆಯ ಖಾರವನ್ನು ಕೊಟ್ಟಿದೆ. ಅಲ್ಲಿಯ ಆದಿಕೇಶವನ ಅಂಕಿತದಲ್ಲಿ ಹಾಡಿದ 16ನೆಯ ಶತಮಾನದ ಕನಕದಾಸರು 'ರಾಮಧಾನ್ಯ ಚರಿತ್ರೆ' ಎಂಬ ಸಣ್ಣ ಕಾವ್ಯವೊಂದನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ್ದಾರೆ. ಅದರ ವಸ್ತು ಒಂದು ವ್ಯಾಜ್ಯ. ವಾದಿ ಪ್ರತಿವಾದಿಗಳು ಮನುಷ್ಯರಲ್ಲ, ಧಾನ್ಯಗಳು. ಕಾವ್ಯದಲ್ಲಿ ನ್ಯಾಯವು ಹೇಗೆ ತೀರ್ಮಾನವಾಗಬೇಕೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಈ ಪ್ರಶ್ನೆಯನ್ನು ನಾವು ಮೊದಲು ಕಲಿತದ್ದು ಇಂಗ್ಲಿಷ್ ತರಗತಿಯಲ್ಲಿ. ಕಾವ್ಯದಲ್ಲಾದರೂ ಸಜ್ಜನರಿಗೆ ಸುಖವೂ ದುರ್ಜನರಿಗೆ ದಂಡನೆಯೂ ದೊರೆಯಬೇಕೆಂಬ ನಿಯಮಕ್ಕೆ 'ಕಾವ್ಯನ್ಯಾಯ' ಎಂಬ ಅರ್ಥದ ಹೆಸರನ್ನಿಟ್ಟವನು ತಾಮಸ್ ರೈಮರ್. 1678ರ ಸುಮಾರಿನ ಮಾತು. 1681ರಲ್ಲಿ ನೇಹಮ್ ಟೇಟನು ಷೇಕ್ಸ್‌ಪಿಯರನ ಲಿಯರ್ ನಾಟಕದ ಕೊನೆಯನ್ನೇ ತಿದ್ದಿ, ಸತ್ತ ಕಾರ್ಡೀಲಿಯಳನ್ನು ಬದುಕಿಸಿ, ಮುದುಕ ಅರಸನಿಗೆ ರಾಜ್ಯವನ್ನು ಮರಳಿ ಕೊಡಿಸಿಬಿಟ್ಟನು. ಸುಮಾರು ಒಂದೂವರೆ ಶತಮಾನದ ಕಾಲ ಲಂಡನ್ನಿನ ಪ್ರೇಕ್ಷಕರು ಕಂಡದ್ದು ಈ ತಿದ್ದಿದ ಲಿಯರನನ್ನೇ. ಅಡಿಸನ್ನನು 1711ರಲ್ಲಿ ಇದನ್ನು ಖಂಡಿಸಿದನು. 1765ರಲ್ಲಿ ಡಾಕ್ಟರ್ ಜಾನ್ಸನ್ನನು ಪ್ರೇಕ್ಷಕರ ಪಕ್ಷವನ್ನೇ ಹಿಡಿದನು. ನಾವೂ ಇದನ್ನೇ ಓದಿ, ಇದನ್ನೇ ಬೋಧಿಸುತ್ತ ಬಂದೆವಲ್ಲದೆ, ನಮ್ಮ ಮನೆಯ ವ್ಯಾಜ್ಯದ ಕಡೆಗೆ ತಿರುಗಿ ನೋಡಲಿಲ್ಲ.

ಆ ವ್ಯಾಜ್ಯವು ಹೀಗಿದೆ. ರಾವಣವಧೆಯಾದ ಮೇಲೆ ಅಯೋಧ್ಯೆಗೆ ಹಿಂದಿರುಗುವ ರಾಮನು ದಾರಿಯಲ್ಲಿ ಋಷ್ಯಾಶ್ರಮದಲ್ಲಿ ತಂಗುತ್ತಾನೆ. ಬಗೆಬಗೆಯ ಧಾನ್ಯಗಳಿಂದ ಮಾಡಿದ ಆಹಾರವನ್ನು ಸವಿದು, ಇವುಗಳಲ್ಲಿ ಯಾವುದು ಮೇಲು ಎಂದು ಕೇಳುತ್ತಾನೆ. ಗೌತಮ ಮುನಿಯು ನರೆದಲೆಗವೆಂದರೆ ರಾಗಿಯೇ ಮೇಲೆನ್ನಲು, ವ್ರೀಹಿ, ಎಂದರೆ ನೆಲ್ಲು, ಕೆರಳಿ ನಿಲ್ಲುತ್ತದೆ. ಉಪನಯನಕ್ಕೆ ನಾನು, ಮಂತ್ರಾಕ್ಷತೆಗೆ ನಾನು, ಹೀನರ ಹೊಟ್ಟೆ ಸೇರುವ ನೀನು ನನಗೆ ಸಮನೆ ಎಂದು ಅದು ಹೀಗಳೆಯುತ್ತದೆ. ರಾಗಿಯೂ ಸುಮ್ಮನಿರುವುದಿಲ್ಲ: ನೀನು ಸಿರಿವಂತರ ಬೆನ್ನು ಹತ್ತಿದವನು, ಬಡವರನ್ನು ಕಣ್ಣೆತ್ತಿ ನೋಡದವನು, ಹೆಣದ ಬಾಯಿಗೆ ತುತ್ತಾಗುವವನು, ಮಳೆ ಹೋದ ವರ್ಷ ಜನರ ಜೀವ ಉಳಿಸುವವನು ನಾನು. ಜಗಳವು ತೀರದಾಗಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಸಭೆಗೆ ತರಿಸಿದಾಗ ನೆಲ್ಲು ಕಳೆಗುಂದಿದೆ, ರಾಗಿ ಮೊದಲಿನಂತೆಯೇ ಇದೆ. ರಾಮನು ಅದನ್ನು ಮೆಚ್ಚಿ ತನ್ನ 'ರಾಘವ' ಎಂಬ ಹೆಸರನ್ನೇ ಕೊಡುತ್ತಾನೆ.

ಟೇಟನ ನ್ಯಾಯವು ಲೇಖಕನ ಕೈಯಿಂದ ಬಂದದ್ದು. ಕಥೆಯ ಒಳಗಿನಿಂದ ಹುಟ್ಟಿದ್ದಲ್ಲ. ಕನಕದಾಸರ ರಾಮನಾದರೋ ವಾದಗಳನ್ನು ತೂಗುವುದೇ ಇಲ್ಲ. ರಾಗಿಯನ್ನು ವರ್ಷಗಟ್ಟಲೆ ಕೂಡಿಟ್ಟರೂ ಹುಳು ಹಿಡಿಯುವುದು ಅಪರೂಪವೆಂಬುದನ್ನು ಯಾವ ಒಕ್ಕಲಿಗನಾದರೂ ಬಲ್ಲನು. ಕವಿಯು ತಿದ್ದಬೇಕಾದದ್ದೇನೂ ಇರಲಿಲ್ಲ.

ಆದರೂ ಇಲ್ಲಿ ಒಂದು ಜಾಣ್ಮೆಯಿದೆ, ಅದನ್ನು ಮರೆಮಾಚಬಾರದು. ಪರೀಕ್ಷೆ ಬಿಳುಪಿನದಾಗಿದ್ದರೆ ಅಕ್ಕಿ ಗೆಲ್ಲುತ್ತಿತ್ತು. ಪರಿಮಳದ್ದಾಗಿದ್ದರೂ ಅದೇ ಗೆಲ್ಲುತ್ತಿತ್ತು. ತಾಳಿಕೆಯೇ ಪರೀಕ್ಷೆಯೆಂದು ಗೊತ್ತುಮಾಡಿದ ಗಳಿಗೆಯಲ್ಲಿಯೇ ತೀರ್ಪು ಆಗಿಹೋಯಿತು. ಕವಿಯ ನೀತಿನಿರ್ಣಯವು ಅಡಗಿರುವುದು ಈ ಆಯ್ಕೆಯಲ್ಲಿ. ಈ ಆಯ್ಕೆ ಏಕೆ ಎಂಬುದಕ್ಕೆ ಕವಿಯ ನಾಡನ್ನು ನೋಡಬೇಕು. ಪಡುವಲಲ್ಲಿ ಹಾನಗಲ್ಲಿನ ಕೆರೆ ಕೆಳಗಿನ ಗದ್ದೆಗಳು. ಮೂಡಲಲ್ಲಿ ರಾಣೆಬೆನ್ನೂರಿನ ಕಡೆಗೆ ಮಳೆಯನ್ನೇ ನಂಬಿದ ಬೆದ್ದಲು ಹೊಲಗಳು. 1997ರಲ್ಲಿ ಹಾವೇರಿಯು ಬೇರೆ ಜಿಲ್ಲೆಯಾಗುವ ತನಕ ಈ ಊರುಗಳೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದುವು. 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಆ ಜಿಲ್ಲೆ ಬೆಂದಿತು. ಹಗೇವಿನಲ್ಲಿ ಕಾಳು ಉಳಿದಿದೆಯೋ ಇಲ್ಲವೋ ಎಂಬುದೇ ಇಂಥ ನಾಡಿನ ದೊಡ್ಡ ಪ್ರಶ್ನೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಪ್ಪನು ಬಿಲ್ಲನ್ನೇರಿ ಒಂದೇ ನುಡಿಯ ಕಾರಣಿಕವನ್ನು ಹೇಳಿದಾಗ, ನೆರೆದ ಜನರು ಅದರಲ್ಲಿ ಮಳೆಬೆಳೆಗಳನ್ನೇ ಹುಡುಕುವುದು ಸುಮ್ಮನೆಯಲ್ಲ.

ಹಾಗಾದರೆ ಗೆಲ್ಲಬೇಕಾದದ್ದು ಜೋಳವಲ್ಲವೆ? ಈ ಸೀಮೆಯ ರೊಟ್ಟಿ ಜೋಳದ್ದು. ನಮಗೂ ಇದು ಬಹುಕಾಲ ಬಿಡಿಸದ ಒಗಟಾಗಿತ್ತು. 'ರಾಘವ', 'ರಾಗಿ' ಎಂಬ ನುಡಿಯಾಟದ ಆಸೆಯೇ ಕವಿಯನ್ನು ಎಳೆದಿರಬೇಕೆಂದು ನಮ್ಮ ಊಹೆ. ಜೋಳದ ಹೆಸರಿನಲ್ಲಿ ರಾಮನಿಗೆ ಎಡೆಯಿಲ್ಲ.

ಕುರುಬ ಕುಲದಲ್ಲಿ ಹುಟ್ಟಿದ ಕವಿಯು ಧಾನ್ಯಗಳ ನೆಪದಲ್ಲಿ ಕುಲದ ಮಾತನ್ನೇ ಆಡಿದ್ದಾರೆಂದು ಹಲವರು ಹೇಳುತ್ತಾರೆ. ನಮ್ಮ ಒಪ್ಪಿಗೆಯೂ ಇದೆ. ಆದರೆ ಅಷ್ಟಕ್ಕೇ ನಿಂತರೆ ಒಂದು ಕಹಿಯಾದ ಸಂಗತಿ ತಪ್ಪಿಹೋಗುತ್ತದೆ. ಹೀಗಳೆದ ನೆಲ್ಲಿನೊಡನೆ, ಹೀಗಳೆಸಿಕೊಂಡ ರಾಗಿಯೂ ಅಷ್ಟೇ ದಿನ ಸೆರೆಯಲ್ಲಿದ್ದಿತು. ತನ್ನ ಯೋಗ್ಯತೆಯನ್ನು ತೋರಿಸುವ ಹೊರೆ ನೊಂದವನ ಮೇಲೆಯೇ ಬಿದ್ದಿತು. ಉಡುಪಿಯ ಐತಿಹ್ಯವೂ ಇದಕ್ಕೆ ದೂರವಲ್ಲ: ಕನಕನ ಮೊರೆಗೆ ಕೃಷ್ಣನು ತಿರುಗಿ ನಿಂತನು, ಗೋಡೆ ಬಿರುಕುಬಿಟ್ಟಿತು, ಭಕ್ತನು ಕಿಂಡಿಯ ಹೊರಗೇ ಇದ್ದನು.

ಸೋತ ನೆಲ್ಲನ್ನು ರಾಮನು ಹಳಿಯುವುದಿಲ್ಲ. ಸಮಾಧಾನ ಹೇಳಿ ಕಳುಹಿಸುತ್ತಾನೆ. ಲಿಯರನ ಕೆಟ್ಟ ಮಕ್ಕಳನ್ನು ಕೊಲ್ಲದೆ ಟೇಟನ ನ್ಯಾಯವು ತೃಪ್ತಿಹೊಂದಲಿಲ್ಲ. ಇಲ್ಲಿ ಯಾರೂ ಸಾಯುವುದಿಲ್ಲ. ರಾಗಿಗೆ ಹೆಸರು ಬಂದಿತು. ಪೂಜೆಯ ತಟ್ಟೆಯಲ್ಲಿ ಮಾತ್ರ ಅಕ್ಕಿಯೇ ಉಳಿಯಿತು.