ಸುಂಕವಿಲ್ಲದ ದಾರಿ

1979ರ ಮೇ ತಿಂಗಳ ಕೊನೆಯಲ್ಲಿ, ಮದುವೆಯಾಗಿ ಮೂರು ವಾರಕ್ಕೆ, ಉಡುಪಿಯಿಂದ ಬಸ್ಸು ಹಿಡಿದು ಮುಂಬಯಿಗೆ ಬಂದೆ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಲ್ಲಿಯವರೆಗೆ ನಮ್ಮ ಕಡೆಯವರಿಗೆ ಆ ಬಸ್ಸೇ ಗತಿ. ನಮ್ಮವರ ಖೋಲಿ ಮಾಹಿಮ್‌ನಲ್ಲಿ, ಎಲ್.ಜೆ. ರೋಡಿನ ಒಳಗಲ್ಲಿಯಲ್ಲಿ. ಒಂದೇ ಕೋಣೆ, ಅದರ ಮೂಲೆಯಲ್ಲೇ ಮೋರಿ. ಸಮುದ್ರ ಹತ್ತಿರದಲ್ಲೇ ಇದೆ ಎಂದು ಇವರು ಕಾಗದದಲ್ಲಿ ಬರೆದಿದ್ದರು. ಸಮುದ್ರವೇನೋ ಇತ್ತು. ಆದರೆ ಮಲ್ಪೆಯ ಗಾಳಿ ಕುಡಿದು ಬೆಳೆದ ನನ್ನ ಮೂಗಿಗೆ ಮೊದಲು ಬಡಿದದ್ದು ಮಾಹಿಮ್ ಖಾಡಿಯ ವಾಸನೆ. ಮೊದಲ ಮಳೆಗಾಲವೆಲ್ಲ ಕಿಟಕಿಯ ಸರಳು ಹಿಡಿದು ಅತ್ತೆ.

ನನ್ನನ್ನು ಆ ಕಿಟಕಿಯಿಂದ ಹೊರಗೆಳೆದವಳು ಕೋಳಿವಾಡೆಯ ಒಬ್ಬ ಮಾವ್ಶಿ. ತಲೆಯ ಮೇಲೆ ಮೀನಿನ ಬುಟ್ಟಿ, ಕಚ್ಚೆ ಹಾಕಿ ಉಟ್ಟ ಸೀರೆ, ದೊಡ್ಡ ಬಾಯಿ. ನನಗೆ ಮರಾಠಿ ಬಾರದು, ಅವಳಿಗೆ ತುಳು ಬಾರದು. ನನ್ನ ಮಾಂಜಿ ಅವಳಿಗೆ ಪಾಪ್ಲೆಟ್, ನನ್ನ ಅಂಜಲ್ ಅವಳಿಗೆ ಸುರ್ಮಯಿ. ಬಂಗುಡೆ ಮಾತ್ರ ಬಾಂಗ್ಡಾ. ಅದೊಂದು ಹೆಸರು ಹಿಡಿದುಕೊಂಡೇ ನಾನು ಭಾಷೆ ಕಲಿತೆ. "ನಾವು ದೇವಿಯ ಕಾಲದಿಂದ ಇಲ್ಲಿದ್ದೇವೆ, ಉಳಿದವರೆಲ್ಲ ಹೊರಗಿನವರು" ಎನ್ನುತ್ತಿದ್ದಳು ಮಾವ್ಶಿ. ದೇವಿ ಎಂದರೆ ಮುಂಬಾದೇವಿ. ಮಾತು ಸುಳ್ಳಲ್ಲ. ಏಳು ದ್ವೀಪಗಳ ಈ ಊರನ್ನು ಪೋರ್ಚುಗೀಸರು 1661ರ ಒಪ್ಪಂದದಲ್ಲಿ ತಮ್ಮ ರಾಜಕುಮಾರಿ ಕ್ಯಾಥರೀನಳ ವರದಕ್ಷಿಣೆಯಾಗಿ ಇಂಗ್ಲೆಂಡಿನ ದೊರೆಗೆ ಕೊಟ್ಟರು. ಆತ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟ. ಹೆಣ್ಣಿನ ಜೊತೆ ಊರನ್ನೂ ಸಾಗಹಾಕಿದ ಮದುವೆ! ಕೋಳಿಗಳನ್ನು ಯಾರೂ ಕೇಳಲಿಲ್ಲ.

ಎಲ್.ಜೆ. ಎಂದರೇನೆಂದು ನನಗೆ ತಿಳಿದದ್ದು ಮೂರು ವರ್ಷದ ಮೇಲೆ, ರೇಷನ್ ಕಾರ್ಡಿನ ಅರ್ಜಿ ತುಂಬುವಾಗ. ಪೂರ್ತಿ ಹೆಸರು ಬರೆಯಿರಿ ಎಂದರು ಗುಮಾಸ್ತರು. ಲೇಡಿ ಜಮ್ಶೆಡ್ಜಿ. ಅಷ್ಟು ದಿನ ಯಾರೋ ದೊರೆಯ ಹೆಸರೆಂದುಕೊಂಡಿದ್ದೆ. ಅದು ಒಬ್ಬ ಹೆಂಗಸು, ಅದೂ ಗಂಡನ ಹೆಸರಿನ ಹಿಂದೆ ಅಡಗಿಕೊಂಡವಳು ಎಂದು ತಿಳಿದ ಮೇಲೆ ಕುತೂಹಲ ಸುಮ್ಮನಿರಲಿಲ್ಲ.

ಅವಳ ಹೆಸರು ಆವಾಬಾಯಿ. ಪಾರ್ಸಿ ವ್ಯಾಪಾರಿ ಜಮ್ಶೆಡ್ಜಿ ಜೀಜೀಭಾಯಿಯ ಹೆಂಡತಿ. ನಮ್ಮಲ್ಲಿ ಹೇಳುವಂತೆ ಸೋದರಮಾವನ ಮಗಳು. ಎಳೆಯ ವಯಸ್ಸಿನಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಜಮ್ಶೆಡ್ಜಿ ನವಸಾರಿಯಿಂದ ಬಂದು ಆ ಮಾವನ ಆಸರೆಯಲ್ಲಿ ನಿಂತವನು. ಆಮೇಲೆ ಚೀನಾ ವ್ಯಾಪಾರದಲ್ಲಿ ಕೋಟ್ಯಧಿಪತಿಯಾದ. ಆ ಹಣದಲ್ಲಿ ಹತ್ತಿಯಷ್ಟೇ ಅಲ್ಲ, ಅಫೀಮೂ ಇತ್ತು. ಅದನ್ನು ಮುಚ್ಚಿಡುವುದೇಕೆ?

ಆಗ ಮಾಹಿಮ್ ಎಂದರೆ ಊರಿನ ತುದಿ. ಆಚೆಯ ಬಾಂದ್ರಾ ಸಾಷ್ಟಿ ದ್ವೀಪಕ್ಕೆ ಸೇರಿದ್ದು. ನಡುವೆ ಖಾಡಿ. ದೋಣಿಯಲ್ಲೇ ದಾಟಬೇಕು, ಮಳೆಗಾಲದಲ್ಲಿ ದೋಣಿ ಮಗುಚಿ ಜನ ಸಾಯುತ್ತಿದ್ದರು. ದಾರಿ ಕಟ್ಟಿಸಲು ಸರಕಾರ ಹಣ ಬಿಚ್ಚಲಿಲ್ಲ. ಆವಾಬಾಯಿ ತನ್ನ ಹಣ ಕೊಟ್ಟಳು, ಒಟ್ಟು 1,57,000 ರೂಪಾಯಿ. ಒಂದೇ ಷರತ್ತು: ದಾಟುವವರಿಂದ ಸುಂಕ ಕೇಳಬಾರದು. 1845ರಲ್ಲಿ ದಾರಿ ಮುಗಿಯಿತು. ಹಣ ಕೊಟ್ಟ ದೊಡ್ಡವರು ಬಹಳ. ತಲೆಯ ಮೇಲೆ ಬುಟ್ಟಿ ಹೊತ್ತು ಬರುವವಳ ಸೆರಗಿನ ಗಂಟಿನ ನೆನಪಾದದ್ದು ಇವಳಿಗೆ ಎಂದು ನನಗನಿಸುತ್ತದೆ.

ಈ ದಾರಿಯ ಋಣ ನನ್ನ ಮನೆಗೂ ಬಂತು. 2005ರ ಜುಲೈ 26, ಮಂಗಳವಾರ. ಮಗಳು ಬಾಂದ್ರಾ-ಕುರ್ಲಾ ಕಡೆ ಕೆಲಸಕ್ಕೆ ಹೋಗಿದ್ದಳು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿತು. ಆ ಮೀಠಿ ಸಮುದ್ರ ಸೇರುವುದು ಇದೇ ಮಾಹಿಮ್ ಖಾಡಿಯಲ್ಲಿ. ಜವುಗು ತುಂಬಿಸಿ, ಕಾಂಡ್ಲಾ ಕಡಿದು ಕಚೇರಿಗಳನ್ನು ಎಬ್ಬಿಸಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ರೈಲಿಲ್ಲ, ಫೋನಿಲ್ಲ. ನಾನೂ ಇವರೂ ಗಲ್ಲಿಯ ಬಾಯಲ್ಲಿ ಕೊಡೆ ಹಿಡಿದು ನಿಂತೆವು. ಮಾವ್ಶಿಯ ಮಗ ಟಾರ್ಚು ಹಿಡಿದು ಖಾಡಿಯವರೆಗೆ ಹೋಗಿ ಬಂದ. ಬೆಳಗಿನ ನಾಲ್ಕಕ್ಕೆ ಬಂದಳು ಮಗಳು, ಚಪ್ಪಲಿ ಒಂದೂ ಇಲ್ಲದೆ. ಸೊಂಟದವರೆಗಿನ ನೀರಲ್ಲಿ ಗುರುತಿಲ್ಲದವರ ಕೈ ಹಿಡಿದು ಬಾಂದ್ರಾ ತಲುಪಿದ್ದಳಂತೆ. "ಮಾಹಿಮ್ ದಾರಿ ಕಾಲಿಗೆ ಸಿಕ್ಕಿದ ಮೇಲೆ ಹೆದರಿಕೆ ಹೋಯ್ತಮ್ಮ" ಎಂದಳು. ಅವಳ ಕಾಲು ತೊಳೆಯುತ್ತ ನನಗೆ ನೆನಪಾದದ್ದು ಆವಾಬಾಯಿ. ಆದರೂ ಒಂದು ಮಾತು: ಮೀಠಿಯ ಬಾಯಿ ಕಿರಿದಾದದ್ದರಲ್ಲಿ ಆ ದಾರಿಯ ಪಾಲೂ ಇದೆ ಎನ್ನುವವರಿದ್ದಾರೆ.

2009ರಲ್ಲಿ ಬಾಂದ್ರಾ-ವರಳಿ ಸೇತುವೆ ಬಂತು, ಐದೂವರೆ ಕಿಲೋಮೀಟರಿಗೂ ಉದ್ದ. ನೋಡಲು ಚೆಂದ. ರಾತ್ರಿ ದೀಪ ಹಚ್ಚಿದಾಗ ಊರಿನಿಂದ ಬಂದ ನೆಂಟರನ್ನೆಲ್ಲ ಮಾಹಿಮ್ ಕಿನಾರೆಗೆ ಕರೆದೊಯ್ದು ತೋರಿಸಿದ್ದೇನೆ. ಅದಕ್ಕೆ ಸುಂಕವಿದೆ, ಬುಟ್ಟಿ ಹೊತ್ತು ನಡೆಯುವವರಿಗೆ ಅಲ್ಲಿ ಪ್ರವೇಶವೇ ಇಲ್ಲ. ಮಾವ್ಶಿ ಅದನ್ನು ಕಟ್ಟಿ ಮುಗಿಸುವ ಮೊದಲೇ ಹೋಗಿಬಿಟ್ಟಳು. ಮರಳೂ ಮೊದಲಿನಷ್ಟು ಉಳಿದಿಲ್ಲ. ನಾವು ಕಡಲೆ ತಿನ್ನುತ್ತ ಕೂರುತ್ತಿದ್ದಲ್ಲಿ ಉಬ್ಬರದ ಹೊತ್ತು ಈಗ ಕಾಲಿಡಲಾಗದು.

ಹೋದ ವರ್ಷ ಪಕ್ಕದ ಮನೆಗೆ ಧಾರವಾಡದ ಕಡೆಯ ಹುಡುಗಿ ಮದುವೆಯಾಗಿ ಬಂದಳು. ಎರಡು ದಿನ ಕಿಟಕಿಯಲ್ಲೇ ಇದ್ದಳು. ಮೂರನೆಯ ದಿನ ಬಾಗಿಲು ತಟ್ಟಿ, "ಬಾರವ್ವ, ಬಾಂದ್ರಾಕ್ಕೆ ಹೋಗಿ ಬರೋಣ" ಎಂದೆ. "ಬಸ್ಸಿಗೆ ಎಷ್ಟ್ ಆಗ್ತದ್ರಿ ಆಂಟಿ?" ಎಂದಳು. ನಡೆದೇ ಹೋಗೋಣ ಎಂದೆ.