ಹಾಲುಹಲ್ಲಿನ ಮೇಲಿನ ಆರೋಪ

ನಮ್ಮ ಮನೆಯ ಹಳೆಯ ಕಡತಗಳಲ್ಲಿ ಮುತ್ತಜ್ಜನ ಕೈಬರಹದ ಲೆಕ್ಕದ ಪುಸ್ತಕವೊಂದಿದೆ. ಗದ್ದೆಯ ಗೇಣಿ, ಎಮ್ಮೆಯ ಕ್ರಯಗಳ ನಡುವೆ ಮನೆಯ ಮಕ್ಕಳ ಜನನ ಮರಣಗಳನ್ನೂ ಅವರು ಅದರಲ್ಲಿ ಗುರುತು ಹಾಕಿದ್ದಾರೆ. ಒಂದು ಪುಟದಲ್ಲಿ, ಹತ್ತು ತಿಂಗಳ ಹೆಣ್ಣುಮಗುವಿನ ಹೆಸರಿನ ಮುಂದೆ, ಅದು ಹಲ್ಲು ಬರುವ ಜ್ವರದಿಂದ ತೀರಿಕೊಂಡಿತೆಂಬ ಒಂದೇ ಸಾಲು. ಹಲ್ಲು ಕೂಡ ಮನುಷ್ಯರನ್ನು ಕೊಲ್ಲಬಲ್ಲುದೆ ಎಂದು ಬಾಲ್ಯದಲ್ಲಿ ಅದನ್ನೋದಿ ಬೆರಗಾಗಿದ್ದೆ.

ಇತ್ತೀಚೆಗೆ ತಂಗಿ ತನ್ನ ಏಳು ತಿಂಗಳ ಮಗುವಿನೊಡನೆ ತವರಿಗೆ ಬಂದಿದ್ದಾಗ ಆ ಸಾಲು ಮತ್ತೆ ನೆನಪಾಯಿತು. ಮಗುವಿಗೆ ಸದಾ ಜೊಲ್ಲು, ಸಿಕ್ಕಿದ್ದೆಲ್ಲ ಬಾಯಿಗೆ. ಹಸಿದು ಅಳುತ್ತ ಮೊಲೆಗೆ ಬಾಯಿಟ್ಟರೂ ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ತಲೆ ಕೊಡವಿ ಚೀರುವುದು. ರಾಗಿ ಸರಿಯ ಚಮಚ ಕಂಡರೆ ಮುಖ ತಿರುವುವುದು. ಅಮ್ಮ ಬಜೆ ತೇಯಲು ಕುಳಿತರು. ನೆರೆಮನೆಯಾಕೆ ಔಷಧದಂಗಡಿಯಿಂದ ಒಸಡಿಗೆ ಹಚ್ಚುವ ಲೇಪವನ್ನೇ ತಂದುಕೊಟ್ಟರು. ತಂಗಿ ಮಾತ್ರ ಯಾರಿಗೂ ಕೇಳಿಸದಂತೆ ನನ್ನನ್ನು ಕೇಳಿದಳು: “ಅಣ್ಣಾ, ಹಲ್ಲಿನಿಂದ ಮಗುವಿಗೆ ಏನೂ ಆಗೋದಿಲ್ಲ ತಾನೆ?” ಆ ಪುಟವನ್ನು ಅವಳೂ ಓದಿದ್ದಳು.

ಕನ್ನಡ ಪಾಠ ಹೇಳುವವನು ಇದಕ್ಕೇನು ಉತ್ತರ ಕೊಟ್ಟಾನು? ಆದರೂ ಪುಸ್ತಕಗಳ ಮೊರೆಹೊಕ್ಕೆ. ಹೊಕ್ಕ ಮೇಲೆ ತಿಳಿಯಿತು, ಹಾಲುಹಲ್ಲಿನ ಮೇಲೆ ಮನುಷ್ಯ ಹೊರಿಸಿರುವ ಆರೋಪ ಎರಡು ಸಾವಿರ ವರ್ಷಗಳಿಗೂ ಹಳೆಯದೆಂದು.

ಗ್ರೀಸಿನ ಹಿಪೊಕ್ರಾಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳು ಒಸಡಿನ ನವೆಯ ಜೊತೆಗೆ ಜ್ವರ, ಸೆಳವು, ಭೇದಿಗಳನ್ನೂ ಹಲ್ಲಿನ ಲೆಕ್ಕಕ್ಕೇ ಬರೆದಿವೆ. ನಮ್ಮ ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಹುಟ್ಟುವುದನ್ನು ಕುರಿತೇ ಒಂದು ಅಧ್ಯಾಯವಿದೆ. ಸುಮಾರು 7ನೆಯ ಶತಮಾನದ ವಾಗ್ಭಟನೂ ಹಲ್ಲು ಮೊಳೆಯುವುದನ್ನು ಶಿಶುವಿನ ಸಕಲ ರೋಗಗಳಿಗೂ ಕಾರಣವೆಂದೇ ತಿಳಿದವನು. ಆದರೆ ಅವನ ವಿವೇಕ ದೊಡ್ಡದು. ಈ ಬಾಧೆಗಳಿಗಾಗಿ ಮಗುವನ್ನು ಚಿಕಿತ್ಸೆಯ ಕಟ್ಟುಪಾಡುಗಳಿಂದ ಅತಿಯಾಗಿ ಹಿಂಸಿಸಬಾರದು, ಹಲ್ಲು ಬಂದ ಮೇಲೆ ಅವು ತಾವಾಗಿಯೇ ಶಮನವಾಗುತ್ತವೆ ಎಂಬುದು ಅವನ ಅಭಿಪ್ರಾಯ.

ಈ ವಿವೇಕ ಯೂರೋಪಿನ ವೈದ್ಯರಿಗೆ ಬಹುಕಾಲ ಒದಗಲಿಲ್ಲ. 16ನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ, ತೀರಿಕೊಂಡ ಎಂಟು ತಿಂಗಳ ಮಗುವೊಂದರ ಒಸಡನ್ನು ಸೀಳಿ ನೋಡಿದ. ಹೊರಬರಲು ಸಿದ್ಧವಾಗಿದ್ದ ಹಲ್ಲುಗಳು ಕಂಡವು. ಬದುಕಿದ್ದಾಗಲೇ ಸೀಳಿದ್ದರೆ ಮಗು ಉಳಿಯುತ್ತಿತ್ತೆಂದು ಆತ ತೀರ್ಮಾನಿಸಿದ. ಅಲ್ಲಿಂದ ಮುಂದೆ ಮುನ್ನೂರು ವರ್ಷ ಎಳೆಯ ಒಸಡುಗಳ ಮೇಲೆ ಚೂರಿಯಾಡಿತು. 18ನೆಯ ಶತಮಾನದ ಜಾನ್ ಹಂಟರನಂಥ ಮೇಧಾವಿಯೂ ಒಂದೇ ಮಗುವಿಗೆ ಹತ್ತು ಸಲ ಒಸಡು ಸೀಳಲು ಹಿಂಜರಿಯಲಿಲ್ಲ. 1839ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸರ್ಕಾರಿ ಮರಣ ದಾಖಲೆಯಲ್ಲಿ 5,016 ಸಾವುಗಳಿಗೆ ಕಾರಣವೆಂದು ಬರೆದದ್ದು ಹಲ್ಲು ಬರುವುದನ್ನೇ. ಮುತ್ತಜ್ಜ ಬರೆದ ಸಾಲಿಗೆ ಅಲ್ಲಿ ಐದು ಸಾವಿರ ಜೊತೆಗಾರರಿದ್ದರು!

ಚೂರಿಗೆ ಅಂಜಿದ ತಾಯಂದಿರಿಗೆ ಅಂಗಡಿಯ ಸೀಸೆ ಇತ್ತು. 1849ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್’ ಹಲ್ಲಿನ ನೋವಿಗೆ ರಾಮಬಾಣವೆಂದು ಮನೆಮಾತಾಯಿತು. ಅಳುವ ಮಗು ತಕ್ಷಣ ಮಲಗುತ್ತಿದ್ದುದೇನೋ ನಿಜ, ಅದರಲ್ಲಿದ್ದುದು ಮಾರ್ಫಿನ್. ಕೆಲವು ಮಕ್ಕಳು ಮತ್ತೆ ಏಳಲಿಲ್ಲ. 1911ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದನ್ನು ಶಿಶುಘಾತಕಗಳ ಸಾಲಿಗೆ ಸೇರಿಸಿತು. ನಾವು ನಗಬೇಕಾಗಿಲ್ಲ. ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮು ಬೆರೆತ ‘ಬಾಲಗೋಳಿ’ ತಿನ್ನಿಸಿ ಮಲಗಿಸುತ್ತಿದ್ದ ಕಾಲವೊಂದಿತ್ತು.

ಇಂಗ್ಲೆಂಡಿನಲ್ಲಿ ಹಲ್ಲಿನ ಪುಡಿಗಳೆಂದು ಮಾರುತ್ತಿದ್ದವುಗಳ ಕಥೆ ಇನ್ನೂ ಕರುಣಾಜನಕ. ಅವುಗಳಲ್ಲಿ ಕ್ಯಾಲೊಮೆಲ್, ಎಂದರೆ ಪಾದರಸದ ಲವಣ ಇರುತ್ತಿತ್ತು. ಕೈಕಾಲು ಕೆಂಪಾಗಿ, ಬೆಳಕನ್ನು ಸಹಿಸಲಾರದೆ ನರಳುವ ‘ಗುಲಾಬಿ ರೋಗ’ ಅನೇಕ ಮಕ್ಕಳನ್ನು ಬಲಿತೆಗೆದುಕೊಂಡಿತು. ಅಮೆರಿಕದ ವಾರ್ಕನಿ ಮತ್ತು ಹಬ್ಬರ್ಡ್ ಎಂಬ ಸಂಶೋಧಕರು ಇಂಥ ಮಕ್ಕಳ ಮೂತ್ರದಲ್ಲಿ ಪಾದರಸವನ್ನು ಕಂಡು 1948ರಲ್ಲಿ ಪ್ರಕಟಿಸಿದರು. 1954ರಲ್ಲಿ ಬ್ರಿಟಿಷ್ ತಯಾರಕರು ಪುಡಿಗಳಿಂದ ಪಾದರಸವನ್ನು ತೆಗೆದರು. ಕೆಲವೇ ವರ್ಷಗಳಲ್ಲಿ ರೋಗ ಕಾಣೆಯಾಯಿತು. ಹಲ್ಲಿನ ಔಷಧವೇ ರೋಗವಾಗಿತ್ತು.

ಹಾಗಾದರೆ ಆ ಸಾವಿರಾರು ಮಕ್ಕಳು ಸತ್ತದ್ದೇತರಿಂದ? ಹಾಲುಹಲ್ಲು ಮೊಳೆಯುವುದು ಸಾಮಾನ್ಯವಾಗಿ ಆರನೆಯ ತಿಂಗಳ ಸುಮಾರಿಗೆ. ಹೆಚ್ಚುಕಡಮೆ ಅದೇ ಕಾಲಕ್ಕೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕ್ಷೀಣಿಸುತ್ತದೆ. ಅದೇ ಕಾಲಕ್ಕೆ ಮಗು ಮೊಲೆಹಾಲಿನ ಜೊತೆಗೆ ಹೊರಗಿನ ಹಾಲು, ನೀರು, ಅನ್ನಗಳನ್ನು ಕಾಣುತ್ತದೆ. ನೆಲದ ಮೇಲೆ ಹರಿದಾಡಿ ಕೈಗೆ ಸಿಕ್ಕಿದ್ದನ್ನು ಬಾಯಿಗಿಡುತ್ತದೆ. ಭೇದಿ, ಜ್ವರಗಳು ಬಂದದ್ದು ಈ ದಾರಿಯಿಂದ. ಕಣ್ಣಿಗೆ ಕಂಡದ್ದು ಮಾತ್ರ ಹಲ್ಲು. ಕಂಡವನೇ ಕಳ್ಳನಾದ.

ಅಂದರೆ ಹಲ್ಲು ಪೂರ್ಣ ನಿರಪರಾಧಿಯೂ ಅಲ್ಲ. 2000ದಲ್ಲಿ ಅಮೆರಿಕದಲ್ಲಿ 125 ಮಕ್ಕಳನ್ನು ಗಮನಿಸಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹಲ್ಲು ಮೂಡುವ ಮುಂಚಿನ ನಾಲ್ಕು ದಿನಗಳಿಂದ ಮೂಡಿದ ಮೂರು ದಿನಗಳವರೆಗೆ ಜೊಲ್ಲು, ಕಚ್ಚುವಿಕೆ, ಕಿರಿಕಿರಿ ಹೆಚ್ಚುತ್ತವೆ. ಗಟ್ಟಿ ಆಹಾರದ ಮೇಲಿನ ರುಚಿ ತಗ್ಗುತ್ತದೆ. ತೀವ್ರ ಜ್ವರ ಮಾತ್ರ ಹಲ್ಲಿನದಲ್ಲ.

ಇಷ್ಟು ಓದಿದ್ದು ಸುಮ್ಮನಾಗಲಿಲ್ಲ. ಮೂರನೆಯ ಸಂಜೆ ಮಗುವಿನ ಮೈ ಬಿಸಿಯಾಯಿತು. ಮನೆಯವರೆಲ್ಲ “ಹಲ್ಲಿನ ಜ್ವರ” ಎಂದರು. ಅಳೆದು ನೋಡಿದರೆ 102 ಡಿಗ್ರಿ. ಅಮ್ಮನ ಅಸಮಾಧಾನವನ್ನು ಲೆಕ್ಕಿಸದೆ ವೈದ್ಯರಲ್ಲಿಗೆ ಒಯ್ದೆವು. ಅವರು ಬಾಯಿಯನ್ನು ನೋಡಿ, ಬಳಿಕ ಕಿವಿಯನ್ನು ನೋಡಿದರು. ಕಿವಿಯೊಳಗೆ ಸೋಂಕಾಗಿತ್ತು. ಹಾಲು ನುಂಗುವಾಗಲೆಲ್ಲ ನೋಯುತ್ತಿದ್ದುದು ಕಿವಿಯೂ ಹೌದು!

ಒಸಡಿಗೂ ಉಪಾಯ ಹೇಳಿದರು. ಹಾಲೂಡುವ ಮುನ್ನ ತೊಳೆದ ಬೆರಳಿನಿಂದ ಒಸಡನ್ನು ಮೆಲ್ಲನೆ ಒತ್ತಿ ತೀಡುವುದು, ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಕಚ್ಚಲು ಕೊಡುವುದು, ನೋವು ತಗ್ಗಿದ ಮೇಲೆ ಹಾಲು. ನೆರೆಮನೆಯಾಕೆಯ ಲೇಪದ ಮೇಲಿನ ಅಕ್ಷರಗಳನ್ನು ಓದಿ ಬದಿಗಿಟ್ಟರು. ಅದರಲ್ಲಿ ಬೆಂಜೊಕೇನ್ ಇತ್ತು; ಅದು ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಗೇ ಕುಂದು ತರಬಲ್ಲುದಾದ್ದರಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ವಾರ ಕಳೆದು ಮಗು ಹೊಟ್ಟೆತುಂಬ ಹಾಲು ಕುಡಿದ ಬೆಳಿಗ್ಗೆ, ಸರಿಯ ಚಮಚ ಟಿಣ್ಣೆಂದಿತು. ಕೆಳಗಿನ ಹಲ್ಲು! ಮೇಲಿನದು ಮೊದಲು ಬಂದರೆ ಸೋದರಮಾವನಿಗಾಗದೆಂದು ನಮ್ಮ ಕಡೆಯ ನಂಬಿಕೆ. ನಂಬದವನಾದರೂ ನನಗೊಂದಿಷ್ಟು ನೆಮ್ಮದಿಯಾಯಿತೆಂಬುದನ್ನು ಮುಚ್ಚಿಡಲಾರೆ.

ಆ ರಾತ್ರಿ ಮುತ್ತಜ್ಜನ ಪುಸ್ತಕ ತೆಗೆದು ಆ ಪುಟವನ್ನು ಮತ್ತೆ ನೋಡಿದೆ. ಆ ಹಸುಳೆಗೆ ಬಂದದ್ದೇನೆಂದು ಇನ್ನು ತಿಳಿಯುವ ಬಗೆಯಿಲ್ಲ. ಹಲ್ಲೆಂದು ನಂಬಿದ್ದರಿಂದ ಯಾರೂ ಬೇರೇನನ್ನೂ ಹುಡುಕಲಿಲ್ಲವೆಂಬುದಷ್ಟೇ ಆ ಸಾಲು ಹೇಳುವ ಚರಿತ್ರೆ.