ಬೆಳಗಾವಿ–ಖಾನಾಪುರ ಸೀಮೆಯಲ್ಲಿ ತಾರುಣ್ಯದ ಕೇಶವಿಕಾರ: ಒಂದು ಸಾಮಾಜಿಕ ಇತಿಹಾಸ

ಮಲಪ್ರಭಾ ನದಿಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಖಾನಾಪುರ ಪಟ್ಟಣದ ಮಗ್ಗುಲಲ್ಲಿ ಹಾಯ್ದು, ಮೂಡಣ ಬಯಲಿಗಿಳಿದು ಸವದತ್ತಿಯ ಸೀಮೆಯನ್ನು ಸೇರುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಸ್ಥಳಕಥೆಯಲ್ಲಿ ರೇಣುಕೆಯು ಮರಳಿನ ಕೊಡವನ್ನು ಮಾಡಿ ನೀರು ತರುತ್ತಿದ್ದುದು ಈ ಹೊಳೆಯಿಂದಲೇ ಎಂದು ಹೇಳಲಾಗಿದೆ. ಹೀಗಾಗಿ ಖಾನಾಪುರದ ಮಲೆನಾಡಿಗೂ ಸವದತ್ತಿಯ ಗುಡ್ಡಕ್ಕೂ ನೀರಿನ ಸಂಬಂಧದೊಡನೆ ನಂಬುಗೆಯ ಸಂಬಂಧವೂ ಬೆಳೆದು ಬಂದಿದೆ. ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವ ವಿಷಯವು ಮೇಲ್ನೋಟಕ್ಕೆ ಅಲ್ಪವೆಂದು ತೋರಬಹುದು: ಹರೆಯದಲ್ಲಿ ತಲೆಗೂದಲಿನ ದಪ್ಪವೂ ಗುಣವೂ ಬದಲಾದಾಗ ಈ ಸೀಮೆಯ ಜನರು ಏನು ಮಾಡಿದರು? ಆದರೆ ಒಬ್ಬ ಹುಡುಗಿಯ ಕೂದಲು ಸಿಕ್ಕುಗಟ್ಟಿದ ಮಾತ್ರಕ್ಕೆ ಅವಳ ಇಡೀ ಬಾಳಿನ ದಾರಿಯೇ ಬೇರೆಯಾದ ಉದಾಹರಣೆಗಳು ಈ ಜಿಲ್ಲೆಯಲ್ಲಿರುವುದರಿಂದ ಇದನ್ನು ಅಲ್ಪವೆಂದು ಬಿಡುವಂತಿಲ್ಲ.

ಮೊದಲಿಗೆ ಶರೀರಧರ್ಮವನ್ನು ತಿಳಿದುಕೊಳ್ಳುವುದು ಅವಶ್ಯ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ 2ರಿಂದ 6 ವರ್ಷಗಳ ಕಾಲ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆದು, ಬಳಿಕ ಎರಡು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಅದರ ಬುಡದಲ್ಲಿಯೇ ಹೊಸತು ಹುಟ್ಟುತ್ತದೆ. ಆದುದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ. ಪ್ರಾಯಕ್ಕೆ ಬರುವಾಗ ದೇಹದ ಗ್ರಂಥಿಗಳ ಸ್ರಾವಗಳಿಂದಾಗಿ ಬಾಲ್ಯದ ನಯವಾದ ಕೂದಲು ಒರಟಾಗುವುದುಂಟು, ನೆಟ್ಟಗಿದ್ದದ್ದು ಗುಂಗುರಾಗುವುದುಂಟು. ಇಪ್ಪತ್ತರ ಆಚೆಗೆ ಅವೇ ಸ್ರಾವಗಳ ಪ್ರಭಾವದಿಂದ, ವಂಶಗುಣವಿದ್ದವರಲ್ಲಿ, ಗಂಡಸರಿಗೆ ಹಣೆಯ ಇಕ್ಕೆಲಗಳಲ್ಲಿಯೂ ನೆತ್ತಿಯಲ್ಲಿಯೂ, ಹೆಂಗಸರಿಗೆ ಬೈತಲೆಯ ಗೆರೆಯಲ್ಲಿಯೂ ಕೂದಲು ತೆಳುವಾಗತೊಡಗುತ್ತದೆ. ವಿಷಮಜ್ವರದಂತಹ ದೊಡ್ಡ ಕಾಯಿಲೆಯಾದ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಕೆಲ ತಿಂಗಳಿಗೆ, ಬಹಳಷ್ಟು ಕೂದಲು ಒಮ್ಮೆಲೆ ಉದುರುವುದೂ ಸಾಮಾನ್ಯ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದರೂ, ಥೈರಾಯ್ಡ್ ಗ್ರಂಥಿ ಕೆಟ್ಟರೂ ಹೀಗಾಗುತ್ತದೆ. ಜ್ವರ, ಹೆರಿಗೆಗಳಿಂದಾದ ಉದುರುವಿಕೆಯು ಹೆಚ್ಚಾಗಿ ವರುಷದೊಳಗೆ ತಾನಾಗಿಯೇ ಸರಿಹೋಗುತ್ತದೆ.

ಈ ಬದಲಾವಣೆಗಳನ್ನು ನಮ್ಮ ಹಿರಿಯರು ಕಾಣದವರಲ್ಲ. ಸುಶ್ರುತಾದಿ ವೈದ್ಯಗ್ರಂಥಗಳು ಇಂದ್ರಲುಪ್ತ, ಖಾಲಿತ್ಯ, ಪಾಲಿತ್ಯಗಳೆಂಬ ಹೆಸರುಗಳಿಂದ ಕೂದಲುದುರುವಿಕೆ, ಬೋಳುತನ, ನರೆಗಳನ್ನು ಹೇಳಿವೆ. ಮನೆಯ ಮದ್ದಿನ ಪರಂಪರೆಯು ಇದಕ್ಕೂ ವಿಸ್ತಾರವಾದದ್ದು. ಸೀಗೆಕಾಯಿ, ಅಂಟುವಾಳಕಾಯಿ, ಗರುಗದ ಸೊಪ್ಪು, ಹರಳೆಣ್ಣೆ, ಕೊಬ್ಬರಿ ಎಣ್ಣೆ, ಇವು ಎಲ್ಲ ಮನೆಗಳಿಗೂ ಗೊತ್ತು. ಬಾಣಂತಿಯ ಕೂದಲುದುರಿದರೆ ಅತ್ತೆಯಾಗಲಿ ತಾಯಿಯಾಗಲಿ ಗಾಬರಿಗೊಳ್ಳುತ್ತಿರಲಿಲ್ಲ. ‘ಮಗು ನಕ್ಕರೆ ಕೂದಲು ಉದುರುತ್ತದೆ’ ಎಂಬ ಅರ್ಥದ ಮಾತನ್ನಾಡಿ ಎಣ್ಣೆ ಹಚ್ಚುತ್ತಿದ್ದರು. ಮಗು ನಗುವ ತಿಂಗಳುಗಳೂ ಉದುರುವ ತಿಂಗಳುಗಳೂ ಒಂದೇ ಆದುದರಿಂದ ಈ ಮಾತಿನಲ್ಲಿ ಕಾರಣ ತಪ್ಪಿದ್ದರೂ ಕಾಲಗಣನೆ ಸರಿಯಾಗಿದೆ. ಎಣ್ಣೆ, ಸೀಗೆ, ಹಣಿಗೆಗಳ ಗುಣಕ್ಕಿಂತಲೂ ಮಿಗಿಲಾಗಿ, ವಾರಕ್ಕೊಮ್ಮೆಯಾದರೂ ಒಬ್ಬರು ಮತ್ತೊಬ್ಬರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರೆಂಬುದೇ ಈ ಪದ್ಧತಿಯ ಮುಖ್ಯ ಸಾರವೆಂದು ನಮ್ಮ ಅಭಿಪ್ರಾಯ. ಈ ನೋಟ ತಪ್ಪಿದ ಕಡೆಯಲ್ಲಿ ಏನಾಗುತ್ತಿತ್ತೆಂಬುದನ್ನು ಮುಂದೆ ನೋಡೋಣ.

ಕೂದಲಿನ ಹೊರಮೈ ನುಣುಪಾಗಿ ತೋರಿದರೂ ಅದು ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಕುಳಿತ ಪದರಗಳಿಂದಾದುದು. ಬಹುದಿನ ಬಾಚದೆ ಬಿಟ್ಟರೆ, ಜ್ವರದಲ್ಲಿ ಮಲಗಿದ್ದರೆ, ಹೇನು ಸೀರುಗಳಾದರೆ, ಜಿಡ್ಡು ಮತ್ತು ಧೂಳು ಕೂಡಿದರೆ, ಈ ಪದರಗಳು ಒಂದಕ್ಕೊಂದು ಸಿಕ್ಕಿ ಕೂದಲು ಹಗ್ಗದಂತೆ ಹೊಸೆದುಕೊಳ್ಳುತ್ತದೆ. ಮೊದಲಲ್ಲಿ ಎಣ್ಣೆ ಹಚ್ಚಿ ತಾಳ್ಮೆಯಿಂದ ಬಿಡಿಸಬಹುದು. ಗಟ್ಟಿಯಾದ ಮೇಲೆ ಕತ್ತರಿಸುವುದೊಂದೇ ದಾರಿ. ವೈದ್ಯರು ಇದನ್ನು ‘ಪ್ಲೈಕಾ ಪೊಲೊನಿಕಾ’ ಎಂದು ಕರೆಯುತ್ತಾರೆ. ಈ ಸೀಮೆಯ ಕನ್ನಡಿಗರು ಇದನ್ನು ‘ಜಡೆ ಬರುವುದು’ ಎಂದೂ, ಮರಾಠಿ ಮಾತಿನವರು ‘ಜಟ’ ಎಂದೂ ಹೇಳುತ್ತಾರೆ. ಹೆಣೆದ ಹೆರಳಿಗೂ ಜಡೆಯೆಂಬ ಹೆಸರೇ ಇರುವುದರಿಂದ ಈ ಭೇದವನ್ನು ಓದುಗರು ಮನಸ್ಸಿನಲ್ಲಿಡಬೇಕು. ಹೆರಳನ್ನು ಮನುಷ್ಯರು ಹೆಣೆಯುತ್ತಾರೆ. ಈ ಜಡೆಯನ್ನು ಮಾತ್ರ ದೇವಿಯೇ ಹೆಣೆದಳೆಂಬುದು ನಂಬುಗೆ.

ಹಾಗೆ ದೇವಿ ಕೈಯಿಟ್ಟ ಹುಡುಗಿಯು ದೇವಿಗೆ ಸೇರಿದವಳು ಎಂಬುದು ಆ ನಂಬುಗೆಯ ಮುಂದಿನ ಮೆಟ್ಟಿಲು. ಜಡೆಯನ್ನು ಬಾಚಬಾರದು, ಕತ್ತರಿಸಬಾರದು. ಕತ್ತರಿಸಿದರೆ ಮನೆತನಕ್ಕೆ ಕೇಡು. ಭಂಡಾರವನ್ನು ಹಚ್ಚಿ ಪೂಜಿಸಬೇಕು. ಭಂಡಾರವೆಂದರೆ ಅರಿಸಿನದ ಪುಡಿ. ಅದನ್ನು ಎಣ್ಣೆಯೊಡನೆ ಮತ್ತೆ ಮತ್ತೆ ಹಚ್ಚಿದಂತೆ ಸಿಕ್ಕು ಇನ್ನಷ್ಟು ಗಟ್ಟಿಯಾಗುತ್ತದೆ. ಹೀಗೆ ನಂಬುಗೆಯು ತನ್ನ ಸಾಕ್ಷಿಯನ್ನು ತಾನೇ ಬೆಳೆಸಿಕೊಳ್ಳುತ್ತಿತ್ತು. ಕೊನೆಗೆ ಹುಣ್ಣಿಮೆಯ ಜಾತ್ರೆಯಲ್ಲಿ ಹುಡುಗಿಯನ್ನು ಗುಡ್ಡಕ್ಕೆ ಕರೆದೊಯ್ದು ‘ಮುತ್ತು ಕಟ್ಟಿ’ ದೇವದಾಸಿಯನ್ನಾಗಿ ಮಾಡಲಾಗುತ್ತಿತ್ತು. ಮುತ್ತು ಕಟ್ಟುವುದಕ್ಕೆ ಜಡೆಯೊಂದೇ ಕಾರಣವಾಗಿರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಹರಕೆ, ಕಾಯಿಲೆ, ಗಂಡುಸಂತಾನವಿಲ್ಲದಿರುವುದು, ಎಲ್ಲಕ್ಕಿಂತ ಮಿಗಿಲಾಗಿ ಬಡತನ, ಇವೂ ಕಾರಣಗಳಾಗಿದ್ದವು. ಮುತ್ತು ಕಟ್ಟಿಸಿಕೊಂಡವರು ಬಹುಪಾಲು ದಲಿತ ಕುಟುಂಬಗಳ ಹೆಣ್ಣುಮಕ್ಕಳೇ ಆಗಿದ್ದರು. ಸಿಕ್ಕುಗಟ್ಟುವುದಕ್ಕೆ ಜಾತಿಯ ಭೇದವಿಲ್ಲ. ಆದರೆ ತಲೆ ತೊಳೆಯಲು ನೀರಿಗೂ ಎಣ್ಣೆಗೂ ಬಿಡುವಿಗೂ ಕೊರತೆಯಿದ್ದ ಮನೆಯಲ್ಲಿ ಅದು ಹೆಚ್ಚು, ಅದಕ್ಕೆ ದೇವಿಯ ಕರೆಯೆಂಬ ಅರ್ಥವೂ ಅಲ್ಲಿಯೇ ಹೆಚ್ಚು ಸುಲಭವಾಗಿ ಅಂಟಿಕೊಂಡಿತು.

ಇಂತಹ ನಂಬುಗೆಯು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಮೇಲೆ ಹೇಳಿದ ವೈದ್ಯಕೀಯ ನಾಮವೇ ಪೋಲೆಂಡ್ ದೇಶದಿಂದ ಬಂದುದು. ಅಲ್ಲಿಯ ಹಳ್ಳಿಗರು ಸಿಕ್ಕುಗಟ್ಟಿದ ಕೂದಲು ದೇಹದೊಳಗಿನ ರೋಗವನ್ನು ಹೊರಗೆಳೆಯುತ್ತದೆಂದೂ, ಅದನ್ನು ಕತ್ತರಿಸಿದರೆ ಕುರುಡು ಅಥವಾ ಹುಚ್ಚು ಬರುತ್ತದೆಂದೂ ನಂಬಿದ್ದರು. 19ನೆಯ ಶತಮಾನದಲ್ಲಿ ಕ್ರಾಕೋ ನಗರದ ವೈದ್ಯ ಯೂಜೆಫ್ ಡೀಟ್ಲ್ ಈ ನಂಬುಗೆಯ ವಿರುದ್ಧ ಬಹುಕಾಲ ಹೋರಾಡಿದರು. ಶ್ರೀಲಂಕೆಯ ಕತರಗಾಮದ ಭಕ್ತೆಯರ ಜಡೆಯನ್ನು ಕುರಿತು ಗಣನಾಥ ಒಬೆಯಸೇಕರ ಅವರು 1981ರಲ್ಲಿ ಪ್ರಕಟಿಸಿದ ಗ್ರಂಥವು, ಜಡೆಯನ್ನು ಹೊತ್ತವಳ ಸ್ವಂತ ದುಃಖವೂ ಅದರೊಳಗೆ ಹೆಣೆದುಕೊಂಡಿರುತ್ತದೆಂಬುದನ್ನು ತೋರಿಸಿತು. ಈ ಮಾತು ನಮ್ಮ ವಿಷಯಕ್ಕೂ ಸಲ್ಲುತ್ತದೆ. ಅದಕ್ಕೆ ಮುಂದೆ ಬರುತ್ತೇವೆ.

ಇನ್ನು ಶಾಸನಗಳ ವಿಚಾರ. ನೆರೆಯ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು 1920ರಲ್ಲಿಯೇ ಈ ಪದ್ಧತಿಗೆ ತಡೆಯೊಡ್ಡಿದರು. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದುದರಿಂದ 1934ರ ಮುಂಬಯಿ ದೇವದಾಸಿ ರಕ್ಷಣಾ ಶಾಸನವು ಇಲ್ಲಿಗೂ ಅನ್ವಯಿಸಿತು. ಹೆಣ್ಣುಮಕ್ಕಳನ್ನು ದೇವರಿಗೆ ಅರ್ಪಿಸುವುದನ್ನು ಅದು ಅಪರಾಧವೆಂದು ಸಾರಿತು. ಇಲ್ಲೊಂದು ಸಂಗತಿಯನ್ನು ಇತಿಹಾಸಾಭ್ಯಾಸಿಗಳು ಗಮನಿಸಬೇಕು. ಬೆಳಗಾವಿ ನಗರಕ್ಕೆ ಹೊಂದಿಕೊಂಡೇ ಇರುವ ಶಹಾಪುರವು 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಸಾಂಗಲಿ ಸಂಸ್ಥಾನದ ಭಾಗವಾಗಿತ್ತು. ಅಂದರೆ ಒಂದೇ ಪೇಟೆಯೆಂಬಂತೆ ಬೆಳೆದ ಎರಡು ಊರುಗಳ ನಡುವೆ ಶಾಸನದ ಗಡಿ ಹಾಯ್ದಿತ್ತು. ನಂಬುಗೆಗೆ ಅಂತಹ ಗಡಿ ಇರಲಿಲ್ಲ. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ 1982ರ ಕರ್ನಾಟಕ ದೇವದಾಸಿಯರ (ಸಮರ್ಪಣಾ ನಿಷೇಧ) ಅಧಿನಿಯಮವು ಬಂದಿತು. ಅದು 1984ರಲ್ಲಿ ಜಾರಿಗೆ ಬಂದಾಗ, ಮಗಳನ್ನು ಅರ್ಪಿಸುವ ತಂದೆತಾಯಿಗಳಿಗೂ ಬಂಧುಗಳಿಗೂ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು.

ಈ ಶಾಸನಗಳ ಗುರಿ ಸಮರ್ಪಣೆ. ಅದಕ್ಕಿಂತ ಮೊದಲೇ ಮನೆಯೊಳಗೆ ಹುಡುಗಿಯ ತಲೆಯಲ್ಲಿ ನಡೆಯುತ್ತಿದ್ದುದು ಅವುಗಳ ದೃಷ್ಟಿಗೆ ಬೀಳುವಂತಿರಲಿಲ್ಲ. ರಾಜ್ಯ ಸರ್ಕಾರದ 1993–94ರ ಗಣತಿಯಲ್ಲಿ 22,873 ದೇವದಾಸಿಯರು ಕಂಡುಬಂದರು. 2007–08ರ ಗಣತಿಯನ್ನೂ ಕೂಡಿಸಿದಾಗ ಆ ಸಂಖ್ಯೆ 46,660 ಆಯಿತು. ಶಾಸನವಾದೊಡನೆ ಪದ್ಧತಿ ನಿಂತಿತೆಂದು ಬರೆಯುವವರು ಈ ಅಂಕಿಗಳನ್ನು ಎದುರಿಗಿಟ್ಟುಕೊಳ್ಳಬೇಕು.

ಶಾಸನ ತಲುಪದ ಕಡೆಗೆ ಜನರೇ ಹೋಗಬೇಕಾಯಿತು. ಬೆಳಗಾವಿ ನಗರದ ಅಂಚಿನ ಯಮನಾಪುರದವರಾದ ಡಾ. ಭೀಮರಾವ ಗಸ್ತಿಯವರು ‘ಉತ್ಥಾನ’ ಸಂಸ್ಥೆಯ ಮೂಲಕ ದೇವದಾಸಿಯರ ಬಿಡುಗಡೆಗಾಗಿ ಶ್ರಮಿಸಿದರು. ‘ಬೇರಡ’ ಎಂಬ ಅವರ ಮರಾಠಿ ಆತ್ಮಕಥನವು ಈ ಸೀಮೆಯ ಬೇರಡ ಸಮುದಾಯದ ಬಾಳನ್ನು ಹೊರಜಗತ್ತಿಗೆ ತಿಳಿಸಿತು. ಅವರು 2017ರಲ್ಲಿ ತೀರಿಕೊಂಡರು. ಅದೇ ಜಿಲ್ಲೆಯ ಘಟಪ್ರಭೆಯಲ್ಲಿ 1997ರಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯು ಸ್ಥಾಪಿತವಾಯಿತು. ಒಂದು ಕಾಲಕ್ಕೆ ತಾವೇ ಮುತ್ತು ಕಟ್ಟಿಸಿಕೊಂಡಿದ್ದ ಸ್ತ್ರೀಯರು ಕಟ್ಟಿ ನಡೆಸಿದ ಸಂಸ್ಥೆಯಿದು. ಇದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಪುರಸ್ಕಾರ ಸಂದಿತು. ಜಡೆ ಬಂದ ಹುಡುಗಿಯ ಮನೆಗೆ ಹೋಗಿ, ಇದು ಕೂದಲಿನ ಸಿಕ್ಕೇ ಹೊರತು ದೇವಿಯ ಕರೆಯಲ್ಲವೆಂದು ತಿಳಿಹೇಳಿ, ಕತ್ತರಿ ಹಿಡಿಯುವ ಕಾರ್ಯವು ಸುಧಾರಣೆಯ ಒಂದು ಮುಖ್ಯ ಅಂಗವಾಯಿತು. ಕತ್ತರಿಸಿದರೆ ರಕ್ತ ಬರುತ್ತದೆಂಬ ಅಂಜಿಕೆಗೆ ಕತ್ತರಿಸಿ ತೋರಿಸುವುದಕ್ಕಿಂತ ಬೇರೆ ಉತ್ತರವಿರಲಿಲ್ಲ. ಚರ್ಮದಿಂದ ಹೊರಬಂದ ಕೂದಲಿನಲ್ಲಿ ಜೀವವೂ ಇಲ್ಲ, ರಕ್ತವೂ ಇಲ್ಲ. ವರುಷಗಟ್ಟಲೆ ಜಡೆಯ ಭಾರವನ್ನು ಹೊತ್ತ ಕುತ್ತಿಗೆಯ ನೋವು ಮಾತ್ರ ನಿಜವಾದದ್ದು.

ಆದರೆ ಈ ಕತ್ತರಿಯ ಇತಿಹಾಸವನ್ನೂ ನಾವು ವಿಮರ್ಶೆಯಿಲ್ಲದೆ ಒಪ್ಪಬಾರದು. ಉತ್ತರ ಕರ್ನಾಟಕದ ಜೋಗತಿಯರ ನಡುವೆ ಇದ್ದು ಅಭ್ಯಸಿಸಿದ ಅಮೆರಿಕದ ವಿದುಷಿ ಲೂಸಿಂಡಾ ರ‍್ಯಾಂಬರ್ಗ್ ಅವರು, ಸುಧಾರಕರು ಜಡೆಯನ್ನು ಬರಿಯ ಕೊಳೆಯೆಂದು ಕಂಡಾಗ, ಅದನ್ನು ಹೊತ್ತವಳು ದೇವಿಯ ಸಾನ್ನಿಧ್ಯವೆಂದು ಕಾಣುತ್ತಿದ್ದುದು ಲೆಕ್ಕಕ್ಕೆ ಬಾರದೆ ಹೋಯಿತೆಂದು ಆಕ್ಷೇಪಿಸಿದ್ದಾರೆ. ಈ ಆಕ್ಷೇಪದಲ್ಲಿ ತಥ್ಯವಿದೆ. ಮುಪ್ಪಿನ ಜೋಗತಿಗೆ ಜಡೆಯೇ ಜೀವನಾಧಾರವೂ ಮರ್ಯಾದೆಯೂ ಆಗಿರಬಹುದು. ಅವಳನ್ನು ಕೇಳದೆ ಕತ್ತರಿಸುವುದು ಮತ್ತೊಂದು ಬಲಾತ್ಕಾರವೇ ಸರಿ. ಆದರೆ ಹನ್ನೆರಡು ಹದಿನೈದರ ಹುಡುಗಿಯ ತಲೆಯಲ್ಲಿ ಕಾಣಿಸಿಕೊಂಡ ಮೊದಲ ಸಿಕ್ಕಿಗೆ ಈ ವಾದವನ್ನು ಹೊಂದಿಸಲಾಗದು. ಅವಳ ಪರವಾಗಿ ದೇವಿಯ ಮಾತನ್ನು ಆಡಿದವರು ಹಿರಿಯರು; ಅವಳನ್ನು ಯಾರೂ ಕೇಳಿರಲಿಲ್ಲ. ಪೂಜಿಸಿದವರೂ ಕತ್ತರಿಸಿದವರೂ ಸಮನಾಗಿ ಮರೆತ ಪ್ರಶ್ನೆಯೊಂದಿದೆ: ಈ ಕೂದಲು ಯಾರದು?

ಈ ಪ್ರಶ್ನೆಯು ಹಳ್ಳಿಗೂ ಜಡೆಗೂ ಸೀಮಿತವಲ್ಲ. ಬೆಳಗಾವಿ ನಗರವು 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಸ್ಥಾಪನೆಯಿಂದ ವಿದ್ಯಾಕೇಂದ್ರವಾಗಿ ಬೆಳೆಯಿತು. 1963ರಲ್ಲಿ ಇಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಖಾನಾಪುರದ ಹಳ್ಳಿಗಳಿಂದ ಓದಲೆಂದು ನಗರಕ್ಕೆ ಬರುವ ತರುಣ ತರುಣಿಯರು ವಸತಿಗೃಹದ ಕನ್ನಡಿಯ ಮುಂದೆ ತಮ್ಮ ಕೂದಲು ತೆಳುವಾದುದನ್ನು ಕಂಡು ಅಳುಕುವುದುಂಟು. ಮಡಿಲಲ್ಲಿ ತಲೆಯಿಟ್ಟು ನೋಡುವ ಕೈಗಳು ಊರಲ್ಲಿ ಉಳಿದಿರುತ್ತವೆ. ಹೊಸ ನೀರು, ಹೊತ್ತುಗೆಟ್ಟ ಊಟ, ನಿದ್ದೆಗೇಡುಗಳ ಮೇಲೆ ತಪ್ಪು ಹೊರಿಸಿ ಬಾಟಲಿಯ ಮೇಲೆ ಬಾಟಲಿ ಎಣ್ಣೆ ಕೊಳ್ಳುವವರಿಗೆ, ಕಾರಣವು ರಕ್ತಹೀನತೆಯೋ ಹಿಂದಿನ ಜ್ವರವೋ ವಂಶಗುಣವೋ ಎಂಬುದನ್ನು ವೈದ್ಯರಲ್ಲಿ ವಿಚಾರಿಸುವುದು ಕಡಿಮೆ ಖರ್ಚಿನ ಮಾರ್ಗ. ವಂಶಗುಣದಿಂದ ತೆಳುವಾಗುವುದಕ್ಕೆ, ಮೂಲತಃ ರಕ್ತದೊತ್ತಡಕ್ಕೆಂದು ಕಂಡುಹಿಡಿದ ಮಿನಾಕ್ಸಿಡಿಲ್ ಎಂಬ ಔಷಧಿಯು 1988ರಿಂದ ತಲೆಗೆ ಹಚ್ಚುವ ರೂಪದಲ್ಲಿ ಬಳಕೆಗೆ ಬಂದಿದೆ; ಅದು ಕೆಲವರಿಗೆ ಉಪಯೋಗಿಯಾದರೂ ಬಿಟ್ಟರೆ ಅದರ ಫಲ ಉಳಿಯುವುದಿಲ್ಲ. ಏನನ್ನೂ ಮಾಡದೆ ಒಪ್ಪಿಕೊಂಡಿರುವುದೂ ಒಂದು ಯುಕ್ತವಾದ ಮಾರ್ಗವೇ. ಆದರೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆರಳಿನ ಉದ್ದವನ್ನು ಅಳೆಯುವ ಕಣ್ಣು, ಬೋಳಾದ ತರುಣನನ್ನು ನಗುವ ಬಾಯಿ, ಇವು ಸಿಕ್ಕುಗೂದಲಿನಲ್ಲಿ ದೇವಿಯ ಕರೆಯನ್ನು ಓದಿದ ದೃಷ್ಟಿಗೆ ತೀರ ದೂರದವಲ್ಲ. ಎರಡು ಕಡೆಯಲ್ಲಿಯೂ ಒಬ್ಬರ ಶರೀರಧರ್ಮಕ್ಕೆ ಇನ್ನೊಬ್ಬರು ಅರ್ಥ ಕಟ್ಟುತ್ತಾರೆ.

ಮೇಲಿನ ವಿವೇಚನೆಯಿಂದ ಸಿದ್ಧವಾಗುವುದಿಷ್ಟು. ತಾರುಣ್ಯದ ಕೇಶವಿಕಾರವು ಸಾಮಾನ್ಯವಾಗಿ ಅಪಾಯವಿಲ್ಲದ್ದು. ಈ ಸೀಮೆಯಲ್ಲಿ ಅಪಾಯವು ಬಂದುದು ಅದಕ್ಕೆ ಕೊಟ್ಟ ಅರ್ಥದಿಂದ. ಅರ್ಪಣೆಯನ್ನು ತಡೆಯಲು ಶಾಸನ ಬೇಕಾಯಿತು, ಅಂಜಿಕೆಯನ್ನು ಬಿಡಿಸಲು ಕತ್ತರಿ ಬೇಕಾಯಿತು. ಅದಕ್ಕೂ ಮೊದಲಿನ ಸಾಧನವು ಹಣಿಗೆ, ಹಾಗೂ ಅದನ್ನು ಹಿಡಿದು ‘ಏನವ್ವ, ನೋವಾಗ್ತದೇನು?’ ಎಂದು ಕೇಳುವ ಕೈ. ಖಾನಾಪುರದ ಕಾಡಿನಿಂದ ಗುಡ್ಡದವರೆಗೆ ಮಲಪ್ರಭೆಯ ದಂಡೆಯ ಊರುಗಳಲ್ಲಿ ಮುದುಕಿಯರು ಇನ್ನೂ ತಮ್ಮ ಜಡೆಯ ಕಥೆಗಳನ್ನು ಹೇಳಬಲ್ಲರು. ಅವನ್ನು ಅವರ ಮಾತಿನಲ್ಲಿಯೇ, ಅವರ ಒಪ್ಪಿಗೆಯಿಂದ ಬರೆದಿಡುವ ಕೆಲಸವನ್ನು ನಮ್ಮ ತರುಣ ಅಭ್ಯಾಸಿಗಳು ತಡಮಾಡದೆ ಕೈಗೊಳ್ಳಬೇಕೆಂದು ವಿನಂತಿಸುತ್ತೇವೆ.